ಹಣೆಯ ಮೇಲಿನ ಮೂರು ಗೆರೆ

ಅಪ್ಪ ತೀರಿಕೊಂಡ ವಾರದಲ್ಲೇ ಶಿವಗಣಾರಾಧನೆಯ ಕಾರ್ಡ್ ಮಾಡಿಸಲು ಅವ್ವನೊಂದಿಗೆ ಪ್ರಿಂಟಿಂಗ್ ಅಂಗಡಿಗೆ ಹೋದೆ. ಅಂಗಡಿ ಭಾಲ್ಕಿಯಲ್ಲಿತ್ತೆಂದು ನನ್ನ ನೆನಪು. ಬೀದರಿನಲ್ಲೇ ಎನ್ನುತ್ತಾಳೆ ಅವ್ವ. ಅಳು ಬಂದಿರಲಿಲ್ಲ. ಅಪ್ಪನ ಮುಖ ಆಗಲೇ ಮನಸ್ಸಿನಲ್ಲಿ ಮಸುಕಾಗುತ್ತಿತ್ತು. ಕಾರ್ಡಿನಲ್ಲಾದರೂ ಅದು ಇದ್ದ ಹಾಗೆ ಉಳಿಯಬೇಕಿತ್ತು.

ವಿಶ್ವವಿದ್ಯಾಲಯದಲ್ಲಿ ಕಲಿತ ಪುಟವಿನ್ಯಾಸದ ಪಾಠ ತಾನಾಗಿ ಬಾಯಿಗೆ ಬಂತು. ಒಂದೇ ಬಗೆಯ ಅಕ್ಷರ ಸಾಕು, ಸುತ್ತ ಖಾಲಿ ಜಾಗ ಬಿಡಿ, ಕಣ್ಣು ಮೊದಲು ಮುಖಕ್ಕೆ ಹೋಗಲಿ ಎಂದೆ. ಅಂಗಡಿಯ ಕಂಪ್ಯೂಟರ್ ಆಪರೇಟರ್ ಮಾದರಿ ಕಾರ್ಡಿನ ಮೋಡ, ಕಮಲ, ದೀಪ ಎಲ್ಲ ಅಳಿಸಿದ. ಲೈಸೆನ್ಸಿಗೆಂದು ತೆಗೆಸಿದ್ದ ಫೋಟೊ ಉಳಿಯಿತು. ವಿಭೂತಿಯಿಲ್ಲದೆ ಹಣೆ ಬರಿದು.

"ಈಬತ್ತಿ ಇಲ್ದ ಹ್ಯಾಂಗ ಛಾಪಿಸ್ತೀ? ಮಂದಿ ಏನಂದಾರು?" ಎಂದಳು ಅವ್ವ.

"ರೆಡಿ ಅದಾ ನೋಡ್ರಿ ಅವ್ವಾರ." ಆಪರೇಟರ್ ಯಾವುದೋ ಫೈಲಿನಿಂದ ಮೂರು ಬಿಳಿ ಗೆರೆ ತಂದು ಹಣೆಗೆ ಕೂರಿಸಿದ. "ಪೂರಾ ಜಿಲ್ಲಾಕ ಇದೇ ಈಬತ್ತಿ ಹಚ್ತೇನ್ರಿ. ತಲಿಗಿ ರುಮಾಲ ಸುತ್ತಲೇನ್ರಿ?"

"ಬ್ಯಾಡೋ ಮಾರಾಯ. ಬೋಳ ತಲೀಲೇ ಊರೆಲ್ಲ ತಿರಗ್ಯಾಡಿದವ್ರು."

ಕಪ್ಪು ಮುಖದ ಮೇಲೆ ಅಷ್ಟು ಬಿಳುಪು. ಕಣ್ಣು ಗೆರೆಗಳಲ್ಲೇ ನಿಲ್ಲುತ್ತಿತ್ತು, ಮುಖ ಹಿಂದೆ ಸರಿಯುತ್ತಿತ್ತು. ಮಸುಕು ಮಾಡೆಂದರೆ ಅವ್ವ ಒಪ್ಪಲಿಲ್ಲ. ಕೊನೆಗೆ ಗೆರೆಗಳನ್ನು ಹುಬ್ಬಿಗೆ ಸರಿಯಾಗಿ ನೇರ ಮಾಡಿಸಿದೆ.

ಕಾರ್ಡ್ ಕೊಡಲು ಔರಾದಿಗೆ ಹೋದಾಗ ಅಪ್ಪನ ತಂಗಿ, ನನ್ನ ಅತ್ತೆ, ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇವ ಯಾರೋ ಯಪ್ಪಾ? ಮದುಮಗ ಕುಂತಂಗ ಕುಂತಾನ! ನಮ್ಮಣ್ಣ ಕನ್ನಡಿ ನೋಡಿ ಈಬತ್ತಿ ಹಚ್ಕೊಂಡವನೇ ಅಲ್ಲ. ಯಾವಾಗ್ಲೂ ಒಂದ್ ಕಡಿ ಜಾರಿರ್ತಿತ್ತು. ನಿನಗ ನೆಪ್ಪಿಲ್ಲೇನು?"

ನೆನಪಿದೆ ಎಂದೆ. ಆದರೆ ಕಣ್ಣು ಮುಚ್ಚಿದರೆ ಬಂದದ್ದು ಆಪರೇಟರನ ಗೆರೆಗಳು, ಸುತ್ತ ನಾನು ಬಿಡಿಸಿದ ಖಾಲಿ ಜಾಗ. ಅಪ್ಪ ದಿನವೂ ವಿಭೂತಿ ಹಚ್ಚುತ್ತಿದ್ದನೇ, ಹಬ್ಬಕ್ಕೆ ಮಾತ್ರವೇ? ಅದೂ ತಿಳಿಯಲಿಲ್ಲ.

ಚಿದ್ರಿಯ ನಮ್ಮ ಮನೆಯಲ್ಲಿ ಅದೇ ಫೋಟೊಗೆ ಕಟ್ಟು ಹಾಕಿಸಿದ್ದೇವೆ. ದಿನಾ ಸ್ನಾನ ಮಾಡಿ ಬಂದ ಅವ್ವ ಹಿಮ್ಮಡಿ ಎತ್ತಿ, ಮೂರು ಬೆರಳಿನಿಂದ ಗಾಜಿನ ಮೇಲೆ ನಿಜವಾದ ವಿಭೂತಿ ಎಳೆಯುತ್ತಾಳೆ. ಅಚ್ಚಾದ ಗೆರೆಗಳ ಮೇಲೆ ಅದು ಒಂದು ಕಡೆ ಜಾರುತ್ತದೆ. ಅಪ್ಪನ ಹಣೆ ಹಾಗೇ ಇತ್ತೋ, ಅವ್ವನಿಗೆ ಕೈ ಎಟುಕದೆ ಹಾಗಾಗುತ್ತದೋ, ಕೇಳಿಲ್ಲ.

ಈ ಬೆಳಿಗ್ಗೆ ಧೂಳು ಒರೆಸಲು ಬಟ್ಟೆ ತಂದವನು ಗಾಜಿನ ಅಂಚನ್ನಷ್ಟೇ ಒರೆಸಿದೆ.