ಸ್ಟುಡಿಯೋದ ಕೋಟು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಕಪ್ಪು ಕೋಟು ಇತ್ತು. ಅಪ್ಪ ಅದನ್ನು ಒಂದು ದಿನವೂ ಹಾಕಿಕೊಂಡವರಲ್ಲ. ಆದರೆ ಊರಿನ ಗಂಡಸರೆಲ್ಲ ಒಂದಲ್ಲ ಒಂದು ದಿನ ಅದನ್ನು ಹಾಕಿಕೊಂಡಿದ್ದರು. ಅಪ್ಪ ಫೋಟೋ ತೆಗೆಯುವವರು. ಕೋಲಾರದ ಚಿನ್ನದ ಗಣಿಯ ಊರಲ್ಲಿ, ಚಾಂಪಿಯನ್ ರೀಫ್ಸ್‌ನ ಬಜಾರು ಬೀದಿಯಲ್ಲಿ, ನಮ್ಮದೊಂದು ಪುಟ್ಟ ಸ್ಟುಡಿಯೋ. ಮುಂದೆ ಸ್ಟುಡಿಯೋ, ಹಿಂದೆ ಮನೆ. ಫೋಟೋಗೆ ಬರುವವರಿಗೆಂದೇ ಪರದೆಯ ಹಿಂದಿನ ಮೊಳೆಯಲ್ಲಿ ಆ ಕೋಟು ತೂಗುತ್ತಿತ್ತು.

ಗಣಿಗೆ ಇಳಿಯುವವರು, ಬೇತಮಂಗಲದ ಕಡೆಯಿಂದ ಬಸ್ಸು ಹತ್ತಿ ಬರುವ ರೈತರು, ಹೊಸದಾಗಿ ಮದುವೆಯಾದವರು, ಎಲ್ಲರಿಗೂ ಅದೇ ಕೋಟು. ಸಣಕಲು ಮೈಯವರಿಗೆ ಅದು ದೊಗಳೆಯಾದರೆ ಅಪ್ಪ ಬೆನ್ನ ಹಿಂದೆ ಬಟ್ಟೆ ಮಡಿಚಿ, ಒಗೆದ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪನ್ನೇ ಸಿಕ್ಕಿಸುತ್ತಿದ್ದರು. ಫೋಟೋದಲ್ಲಿ ನೋಡಿದರೆ ದರ್ಜಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೇ ಕಾಣುತ್ತಿತ್ತು. ಅಕ್ಕ ಪ್ರತಿ ಭಾನುವಾರ ಇದ್ದಿಲಿನ ಪೆಟ್ಟಿಗೆಯಿಂದ ಅದಕ್ಕೆ ಇಸ್ತ್ರಿ ಮಾಡುವಾಗ ಹತ್ತಾರು ಜನರ ಬೆವರು, ಕೊಬ್ಬರಿ ಎಣ್ಣೆ, ನುಸಿಗುಳಿಗೆ ಎಲ್ಲ ಸೇರಿದ ಒಂದು ಬಿಸಿ ವಾಸನೆ ಮನೆ ತುಂಬುತ್ತಿತ್ತು. ಎಡಜೇಬಿನ ಮುಚ್ಚಳದ ಒಂದು ಮೂಲೆ ಮಾತ್ರ ಅವಳು ಎಷ್ಟು ಒತ್ತಿದರೂ ನಾಯಿಯ ಕಿವಿಯ ಹಾಗೆ ಮೇಲಕ್ಕೇಳುತ್ತಿತ್ತು.

ಆ ಕೋಟಿನ ವಿಷಯ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಯಾರದೇ ಮನೆಗೆ ಹೋದರೂ ಗೋಡೆಯ ಮೇಲಿನ ಫೋಟೋದಲ್ಲಿ ಆ ಕೋಟನ್ನು ನೋಡಿ ಸುಮ್ಮನಿರಬೇಕು ಎಂದು ಅಪ್ಪ ನಮಗೂ ಹೇಳಿಟ್ಟಿದ್ದರು.

ಶಾಲೆಯಲ್ಲಿ ನನ್ನ ಪಕ್ಕ ಕೂರುವ ಒಬ್ಬ ಗೆಳೆಯನಿದ್ದ. ಅವನಿಗೆ ಎರಡು ವರ್ಷವಿದ್ದಾಗಲೇ ಅವನ ಅಪ್ಪ ಜ್ವರ ಬಂದು ತೀರಿಕೊಂಡಿದ್ದರು. ಮುಖ ನೆನಪಿಲ್ಲ, ದನಿ ನೆನಪಿಲ್ಲ. ಮನೆಯಲ್ಲಿ ಒಂದೇ ಒಂದು ಫೋಟೋ ಇತ್ತಂತೆ. ಅದನ್ನು ನೋಡಿ ನೋಡಿ ಅವನು ದಿನಕ್ಕೊಂದು ಕಥೆ ಕಟ್ಟುತ್ತಿದ್ದ. "ನಮ್ಮಪ್ಪ ಕೋಟು ಆಕ್ಕೊಂಡೇ ಬಜಾರ್‌ಗೆ ಓಗ್ತಿದ್ದ ಕಣ್ಲಾ. ಗಣಿ ದೊರೆಗಳೇ ನಿಂತ್ಕೊಂಡು ಮಾತಾಡಿಸ್ತಿದ್ರು," ಎನ್ನುತ್ತಿದ್ದ. ಹುಡುಗರೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನಗೆ ಹೊಟ್ಟೆಕಿಚ್ಚು. ನನ್ನ ಅಪ್ಪನದು ಪಂಚೆ, ತೋಳು ಮಡಿಚಿದ ಅಂಗಿ. ಫೋಟೋ ತೊಳೆಯುವ ಔಷಧಿಯಲ್ಲಿ ಅದ್ದಿ ಅದ್ದಿ ಬೆರಳುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಅಂಥ ಅಪ್ಪನ ಬಗ್ಗೆ ಏನು ಕಥೆ ಹೇಳುವುದು ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಮಳೆಗಾಲ ಮುಗಿದ ಮೇಲೆ ಒಂದು ಶನಿವಾರ ಮಧ್ಯಾಹ್ನ ಅವನು ತನ್ನ ತಾಯಿಯ ಜೊತೆ ನಮ್ಮ ಸ್ಟುಡಿಯೋಗೆ ಬಂದ. ತಾಯಿಯ ಕಂಕುಳಲ್ಲಿ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಆ ಫೋಟೋ ಇತ್ತು. ಅವರಿದ್ದ ಗಣಿ ಕೆಲಸಗಾರರ ಲೈನ್ ಮನೆಗಳಿಗೆ ಆಗ ಬಿದಿರು ತಟ್ಟಿಯ ಗೋಡೆ. ಮಳೆಯ ತೇವ ಚೌಕಟ್ಟಿನ ಒಳಗೆ ಇಳಿದು, ಫೋಟೋ ಗಾಜಿಗೆ ಅಂಟಿಕೊಂಡುಬಿಟ್ಟಿತ್ತು. ಅಂಚಿನಲ್ಲಿ ಬಿಳಿ ಬೂಷ್ಟು.

"ಇಂಗಾಗೋಯ್ತು ಸಾಮೀ. ನಮ್ಗೆ ಇದೊಂದೇ ಇರೋದು. ಎಂಗಾದ್ರೂ ಮಾಡಿ ಉಳಿಸ್ಕೊಡಿ," ಎಂದರು ಆಕೆ.

ಬೇರೆಯವರಾಗಿದ್ದರೆ ಅಪ್ಪ ಚೆನ್ನಾಗಿ ಬೈಯುತ್ತಿದ್ದರು. ಜನ ಫೋಟೋ ತೆಗೆಸುವಾಗ ತೋರುವ ಸಡಗರವನ್ನು ಇಟ್ಟುಕೊಳ್ಳುವಾಗ ತೋರುವುದಿಲ್ಲ ಎನ್ನುವುದು ಅವರ ನಿತ್ಯದ ಗೊಣಗಾಟ. ಒಬ್ಬರು ಅಡುಗೆಯ ಹೊಗೆ ಬಡಿಯುವಲ್ಲಿ ನೇತುಹಾಕುತ್ತಾರೆ, ಇನ್ನೊಬ್ಬರು ಗಾಜು ಒಡೆದ ಮೇಲೂ ಹಣೆಗೆ ಕುಂಕುಮ ಹಚ್ಚಿ ಮುಖವನ್ನೇ ಅಳಿಸುತ್ತಾರೆ. ಆದರೆ ಅಂದು ಅಪ್ಪ ಮೆಲ್ಲಗೆ ಮಾತಾಡಿದರು. ಆ ಫೋಟೋ ತೆಗೆದ ವರ್ಷದ ನೆಗೆಟಿವ್‌ಗಳು ನಮ್ಮಲ್ಲೂ ಕೆಟ್ಟು ಹೋಗಿದ್ದವು. ಈ ಕಾಗದ ಹರಿದರೆ ಆ ಮನುಷ್ಯನ ಮುಖ ಮತ್ತೆಲ್ಲೂ ಸಿಗುವುದಿಲ್ಲ.

ಅಪ್ಪ ಚೌಕಟ್ಟು ಬಿಚ್ಚಿ, ಗಾಜಿನ ಸಮೇತ ಫೋಟೋವನ್ನು ತಣ್ಣೀರಿನ ತಟ್ಟೆಯಲ್ಲಿ ಮುಳುಗಿಸಿದರು. "ಯಾರೂ ಎಳೀಬಾರ್ದು. ಅದಾಗೇ ಬಿಟ್ಕೋಬೇಕು," ಎಂದು ನಮಗೆ ಹೇಳಿ, ಚೌಕಟ್ಟಿನ ಹಿಂದೆ ಬಾಟಲಿ ಬಿರಡೆಯ ಚೂರು ಅಂಟಿಸಿ ಗೋಡೆಗೆ ತಾಗದಂತೆ ತೂಗುಹಾಕುವುದು ಹೇಗೆಂದು ಆ ತಾಯಿಗೆ ತೋರಿಸಲು ಬಾಗಿಲ ಬೆಳಕಿಗೆ ಹೋದರು. ನಾವಿಬ್ಬರೂ ತಟ್ಟೆಯ ಮೇಲೆ ಬಗ್ಗಿ ನಿಂತೆವು. ಫೋಟೋದ ಒಂದು ತುದಿ ಮೆಲ್ಲಗೆ ಗಾಜು ಬಿಟ್ಟು ಅಲುಗತೊಡಗಿತು. ಸಣ್ಣ ಮೀಸೆ, ಎಣ್ಣೆ ಹಚ್ಚಿ ಬಾಚಿದ ತಲೆ, ಕಪ್ಪು ಕೋಟು. ಎಡಜೇಬಿನ ಮುಚ್ಚಳದ ಮೂಲೆ ಮೇಲಕ್ಕೆದ್ದಿತ್ತು!

ನೋಡಿದ ಕೂಡಲೇ ನನಗೆ ಗೊತ್ತಾಯಿತು. ಆದರೂ ಅಪ್ಪ ಹೇಳಿಟ್ಟಿದ್ದನ್ನು ನೆನೆದು ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಅವನು ಬಾಗಿಲ ಕಡೆ ನೋಡಿ ನಕ್ಕ. "ನಿಮ್ಮಪ್ಪನ ಬೆರಳು ನೋಡ್ಲಾ, ಬೀಡಿ ಸೇದೋರ್ದು ಇದ್ದಂಗವೆ. ನಿಮ್ಮಪ್ಪಂಗೆ ಕೋಟೇ ಇಲ್ವಲ್ಲ!"

ಪರದೆಯ ಹಿಂದೆ ಓಡಿ, ಕೋಟನ್ನು ಮೊಳೆಯಿಂದ ಕಿತ್ತು ತಂದು ಅವನ ಮುಖದೆದುರು ಹಿಡಿದೆ. ಬೆನ್ನಿನಲ್ಲಿ ಬೆಳಿಗ್ಗೆ ಯಾರಿಗೋ ಹಾಕಿದ್ದ ಎರಡು ಕ್ಲಿಪ್ಪು ಇನ್ನೂ ಹಾಗೇ ಇದ್ದವು.

"ನಿಮ್ಮಪ್ಪಂಗೂ ಇರ್ಲಿಲ್ಲ ಕಣ್ಲಾ! ಇದು ನಮ್ದು, ನಮ್ ಸ್ಟುಡಿಯೋದು! ಜೇಬು ನೋಡು! ಊರೋರೆಲ್ಲ ಇದನ್ನೇ ಹಾಕ್ಕೊಳ್ಳೋದು. ಹಿಂದ್ಗಡೆ ಕ್ಲಿಪ್ಪು ಹಾಕ್ಕೊಂಡು ನಿಂತಿರ್ತಾರೆ!"

ಎಷ್ಟು ಜೋರಾಗಿ ಕೂಗಿದೆನೆಂದರೆ ಬಾಗಿಲಲ್ಲಿದ್ದ ಇಬ್ಬರೂ ತಿರುಗಿದರು. ಗೆಳೆಯ ಕೋಟು ನೋಡಿದ, ನೀರಿನಲ್ಲಿ ತೇಲುತ್ತಿದ್ದ ತನ್ನ ಅಪ್ಪನನ್ನು ನೋಡಿದ, ಮತ್ತೆ ಕೋಟು ನೋಡಿದ. ಅವನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಕೆಗೆ ಮೊದಲೇ ಗೊತ್ತಿತ್ತು. ಮಗ ಕಟ್ಟುತ್ತಿದ್ದ ಕಥೆಗಳನ್ನು ಅಷ್ಟು ವರ್ಷ ಕೇಳಿಸಿಕೊಂಡು, ಒಂದನ್ನೂ ಅಲ್ಲಗಳೆಯದೆ ಬಿಟ್ಟಿದ್ದರು.

ಅಪ್ಪ ಬಂದು ನನ್ನ ಕೈಯಿಂದ ಕೋಟು ತೆಗೆದುಕೊಂಡರು. ಗೆಳೆಯನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಇದು ನಿಮ್ಮಪ್ಪಂದೇ ಮಗಾ," ಎಂದರು. "ಫೋಟೋ ತೆಗೆಸ್ಕೊಂಡ ದಿನ ಇಲ್ಲೇ ಬಿಟ್ಟು ಹೋದ್ರು, ನಾಲ್ಕು ಜನಕ್ಕೆ ಆಗ್ಲಿ ಅಂತ. ಇವನಿಗೆ ಅದೆಲ್ಲ ಗೊತ್ತಿಲ್ಲ."

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗೆಳೆಯ ನನ್ನ ಅಪ್ಪನ ಮುಖ ನೋಡಲಿಲ್ಲ, ತಾಯಿಯ ಮುಖವನ್ನೂ ನೋಡಲಿಲ್ಲ. ನನ್ನ ಕಡೆ ತಿರುಗಿದ. ದೊಡ್ಡವರು ಸಮಾಧಾನಕ್ಕೆ ಏನಾದರೂ ಹೇಳುತ್ತಾರೆ, ಪಕ್ಕ ಕೂರುವ ಗೆಳೆಯ ಹೇಳುವುದಿಲ್ಲ ಎಂದುಕೊಂಡನೋ ಏನೋ.

"ಔದೇನ್ಲಾ?" ಎಂದ.

ನಾನು ಹೌದು ಎನ್ನಬೇಕಿತ್ತು. ಮಾತು ಬಾರದಿದ್ದರೆ ತಲೆಯನ್ನಾದರೂ ಆಡಿಸಬಹುದಿತ್ತು. ನಾನು ಗೆದ್ದಿದ್ದೆನಲ್ಲ, ಆ ಗೆಲುವನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ನೆಲ ನೋಡುತ್ತ ನಿಂತೆ. ಅವನು ಬೀದಿಗೆ ಇಳಿದು ಹೋಗಿ, ನಮಗೆ ಬೆನ್ನು ಹಾಕಿ ನಿಂತುಕೊಂಡ. ತಾಯಿ ಹೊರಡುವವರೆಗೂ ತಿರುಗಲಿಲ್ಲ.

ಅವರು ಹೋದ ಮೇಲೆ ಏಟು ಬೀಳುತ್ತದೆ ಎಂದು ನಾನು ಮೂಲೆಯಲ್ಲಿ ಕಾಯುತ್ತಿದ್ದೆ. ಅಪ್ಪ ಗಾಜು ಬಿಟ್ಟ ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿ, ಬಿಳಿ ಬಟ್ಟೆಯ ಮೇಲೆ ನೆರಳಲ್ಲಿ ಹಾಸಿದರು. ಒಂದು ಚೂರೂ ಹರಿದಿರಲಿಲ್ಲ. "ನೀನು ಹೇಳಿದ್ದು ನಿಜ ಕಣೋ. ಅದಕ್ಕೇ ನಿನ್ನ ಹೊಡೆಯೋಕೂ ಆಗ್ತಿಲ್ಲ," ಎಂದರು. ಹೊಡೆದಿದ್ದರೆ ಆ ಸಂಜೆಗೇ ಮರೆತುಬಿಡುತ್ತಿದ್ದೆ. ಆ ಮಾತು ಮಾತ್ರ ಮುಳ್ಳಿನಂತೆ ಒಳಗೇ ಉಳಿಯಿತು.

ವಾರದ ಮೇಲೆ ಅವನ ತಾಯಿ ಒಬ್ಬರೇ ಬಂದರು. ಸರಿಯಾದ ಫೋಟೋವನ್ನು ಬಹಳ ಹೊತ್ತು ನೋಡಿ, ಕೇಳಲೋ ಬೇಡವೋ ಎಂಬಂತೆ ಕೇಳಿದರು: "ಕೋಟು ಕಾಣದಂಗೆ ಮೊಕ ಮಾತ್ರ ಮಾಡ್ಕೊಡಕ್ಕಾಯ್ತದಾ ಸಾಮೀ? ಮಗ ಅಂಗೇ ಬೇಕು ಅಂತವ್ನೆ."

ಅಪ್ಪ ಮೂಲ ಫೋಟೋಗೆ ಕತ್ತರಿ ಹಾಕಲು ಒಪ್ಪಲಿಲ್ಲ. ಅದನ್ನೇ ಕ್ಯಾಮೆರಾದ ಎದುರಿಟ್ಟು ಮುಖವಷ್ಟನ್ನು ಬೇರೆ ತೆಗೆದರು. ಕೊರಳ ಕೆಳಗೆಲ್ಲ ಬೆಳ್ಳಗೆ ಮಾಡಿಕೊಟ್ಟರು. ಹಳೆಯದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡಿ, ಮುಂದೆ ಅವನೇ ಕೇಳುತ್ತಾನೆ ಎಂದು ಹೇಳಿ ಕಳಿಸಿದರು. ಕೇಳಿದನೋ ಇಲ್ಲವೋ ನನಗೆ ತಿಳಿಯದು. ಗೆಳೆಯ ಶಾಲೆಯಲ್ಲಿ ಬೇರೆ ಸಾಲಿಗೆ ಹೋಗಿ ಕೂತ. ನನ್ನನ್ನು ಬೈಯಲಿಲ್ಲ, ಯಾರ ಹತ್ತಿರವೂ ದೂರಲಿಲ್ಲ. ಅಪ್ಪನ ಕಥೆ ಹೇಳುವುದನ್ನು ಮಾತ್ರ ನಿಲ್ಲಿಸಿಬಿಟ್ಟ. ಹುಡುಗರು ಕೇಳಿದರೆ "ನಂಗೇನೂ ಗೊತ್ತಿಲ್ಲ" ಎನ್ನುತ್ತಿದ್ದ. ಬೇಸಿಗೆಯಲ್ಲಿ ಅವರು ಕ್ಯಾಸಂಬಳ್ಳಿಯ ಹತ್ತಿರ ಸೋದರಮಾವನ ಮನೆಗೆ ಹೋದರು. ಬಸ್ಸಿನಲ್ಲಿ ಒಂದೇ ಗಂಟೆಯ ದಾರಿ. ನಾನು ಒಮ್ಮೆಯೂ ಹೋಗಲಿಲ್ಲ.

ಮೊಮ್ಮಕ್ಕಳೇ, ಈಗ ನಿಮ್ಮ ಫೋನುಗಳಲ್ಲಿ ನನ್ನ ಫೋಟೋಗಳೇ ಲೆಕ್ಕವಿಲ್ಲದಷ್ಟಿವೆ. ತಾತ ಆಕಳಿಸಿದ್ದು, ತಾತ ಕನ್ನಡಕ ಹುಡುಕಿದ್ದು, ತಾತ ಬಾಯಿ ತೆರೆದುಕೊಂಡು ನಿದ್ದೆ ಮಾಡಿದ್ದು, ಒಂದನ್ನೂ ಬಿಟ್ಟಿಲ್ಲ ನೀವು. ಅವಕ್ಕೆ ತೇವದ ಭಯವಿಲ್ಲ, ಬೂಷ್ಟಿನ ಭಯವಿಲ್ಲ. ಬೆರಳು ಒತ್ತಿದರೆ ಹಿಂದೆ ಸಮುದ್ರ ಬರುತ್ತದೆ, ಮೈಮೇಲೆ ಕೋಟೂ ಬರುತ್ತದೆ. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ.

ಆದರೆ ಮೊನ್ನೆ ನೀವಿಬ್ಬರೂ ಶಾಲೆಯ ಗುಂಪು ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಿದ್ದಿರಿ. ಕೊನೆಯ ಸಾಲಿನ ಹುಡುಗನ ಬ್ಲೇಜರಿನ ತೋಳು ಬೆರಳಿನ ತುದಿ ದಾಟಿತ್ತು. ಅದು ಅವನದ್ದಲ್ಲ, ಯಾರದ್ದೋ ಕೇಳಿ ಹಾಕಿಕೊಂಡು ಬಂದಿದ್ದಾನೆ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನಾನು ಪೇಪರು ಮಡಿಚಿಟ್ಟು ಒಳಗೆ ಎದ್ದುಹೋದೆ. ತಾತನಿಗೆ ಸಿಟ್ಟು ಬಂತು ಎಂದುಕೊಂಡಿರಿ ನೀವು. ನನಗೆ ಬಂದದ್ದು ನಾಚಿಕೆ ಮಕ್ಕಳೇ, ಅರವತ್ತು ವರ್ಷ ದಾಟಿದ ನಾಚಿಕೆ. ನಿಮಗೆ ಬುದ್ಧಿ ಹೇಳುವ ಬಾಯಿ ನನಗಿರಲಿಲ್ಲ, ಅದಕ್ಕೇ ಇದನ್ನೆಲ್ಲ ಬರೆದೆ. ನಾಳೆ ಆ ಹುಡುಗ ನಿಮ್ಮೆದುರು ಅದು ತನ್ನದೇ ಬ್ಲೇಜರು ಎಂದರೆ, ಹೌದು ಎಂದುಬಿಡಿ. ಆ ಒಂದು ಮಾತು ಅಂದು ನನ್ನ ಬಾಯಿಂದ ಬರಲಿಲ್ಲ.