ಸಾಬಮ್ಮನ ಧ್ವನಿಯನ್ನು ಓಡಿಸಿದವನು ನಾನು

ದೇವದುರ್ಗದ ಮದುವೆಗಳಲ್ಲಿ ಎರಡು ವರ್ಷ ಮಂದಿ ಯಾವ ಹುಡುಗಿಯ ಹಾಡಿಗೆ ಕುಣಿದರೋ, ಆ ಹುಡುಗಿ ಇರಲೇ ಇಲ್ಲ. ಆಕೆಯನ್ನು ಹುಟ್ಟಿಸಿದವನು ನಾನು. ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಆ ಇಲ್ಲದ ಹುಡುಗಿಯನ್ನು ಉಳಿಸಿಕೊಳ್ಳಲು, ನಿಜವಾಗಿ ಹಾಡಿದ ಹೆಣ್ಣುಮಗಳನ್ನು ಮಾನ್ವಿಯಲ್ಲಿ, ನಡು ಮಧ್ಯಾಹ್ನ, ತುಂಬಿದ ಮಂದಿಯ ಎದುರು ಸುಳ್ಳುಗಾತಿ ಮಾಡಿದೆ.

ಹನ್ನೆರಡು ವರ್ಷ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ತಪ್ಪು ಒಪ್ಪಿಕೊಳ್ಳುವವನ ಮುಖ ಬಾಡಿರಬೇಕು ಅಂತಾರೆ. ನನ್ನದು ಬಾಡುತ್ತಿಲ್ಲ, ಏನು ಮಾಡಲಿ — ಮೊಮ್ಮಗಳು ತೊಡೆಯ ಮೇಲೆ ಕೂತಿದ್ದಾಳೆ. ನಾಲ್ಕು ವರ್ಷದ ಕೂಸು, ಹೆಸರು ರೇಣುಕಾ. ಪೆನ್ನು ಹಿಡಿದ ಕೈಯನ್ನೇ ಎಳೆಯುತ್ತಾಳೆ. ನಾನು ಓದಿದ್ದು ಮೂರನೇ ಇಯತ್ತೆ. ಅಕ್ಷರ ಡೊಂಕು ಬಂದರೆ ಅರ್ಧ ನನ್ನ ತಪ್ಪು, ಅರ್ಧ ಅವಳದು.

ನನ್ನ ಹೆಸರು ಅಮರಪ್ಪ. ನಮ್ಮದು ಅರಕೇರಾ ಕಡೆಯ ಕುರಿ ಕಾಯುವ ಮನೆತನ. ಕುರಿ ಅಣ್ಣಂದಿರಿಗೆ ಒಲಿದವು, ನನಗೆ ಒಲಿದದ್ದು ಮೈಕ್ ಸೆಟ್. ರಾಯಚೂರಿನಲ್ಲಿ ಪ್ಲೇಟು, ಅಂದರೆ ಗ್ರಾಮಫೋನ್ ತಟ್ಟೆ, ಹಚ್ಚುವ ಹಳೆಯ ಮಷೀನು ಒಂದು, ಹಾರ್ನು ಎರಡು ಕೊಂಡು ದೇವದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟೆ. ಮದುವೆ, ಜವಳ, ತೊಟ್ಟಿಲು — ಎಲ್ಲಿ ಕರೆದರೂ ಹೋಗಿ ಬೇವಿನ ಮರಕ್ಕೆ ಹಾರ್ನು ಕಟ್ಟುತ್ತಿದ್ದೆ.

ಆ ಮಷೀನಿನ ಮೂಲೆಯಲ್ಲಿ ಒಂದು ಸಣ್ಣ ಕಡ್ಡಿ ಇತ್ತು. ಅದನ್ನು ಆಚೆ ಸರಿಸಿದರೆ ಪ್ಲೇಟು ಜೋರು ತಿರುಗುತ್ತದೆ, ಈಚೆ ಸರಿಸಿದರೆ ನಿಧಾನ. ಸಿನಿಮಾ ಹಾಡಿನ ಸಣ್ಣ ಪ್ಲೇಟಿಗೆ ಜೋರು ಬೇಕು, ಮೊರದಗಲದ ದೊಡ್ಡ ಪ್ಲೇಟಿಗೆ ನಿಧಾನ ಬೇಕು. ಇದು ಈಗ ಗೊತ್ತು. ಆಗ ನನ್ನ ಹತ್ತಿರ ಇದ್ದವೆಲ್ಲ ಸಣ್ಣವು. ಮಷೀನು ಮಾರಿದವನು, "ಕಡ್ಡಿ ಇಲ್ಲೇ ಇರ್ಲಿ, ಮುಟ್ಟಬ್ಯಾಡ" ಅಂದಿದ್ದ. ಮುಟ್ಟಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ರಾಯಚೂರಿನ ಅಂಗಡಿಯೊಂದರಲ್ಲಿ ಮೊದಲ ಸಲ ಒಂದು ದೊಡ್ಡ ಪ್ಲೇಟು ಕಣ್ಣಿಗೆ ಬಿತ್ತು. ಹೊದಿಕೆಯ ಮೇಲೆ ಬೀಸುವ ಕಲ್ಲಿನ ಚಿತ್ರ. ಒಳಗೆ ಎಂಟು ಜನಪದ ಹಾಡು. ಹಾಡಿದವರು — ಯರಗೇರಾದ ಸಾಬಮ್ಮ. ನಮ್ಮ ಜಿಲ್ಲೆಯ ಹೆಣ್ಣುಮಗಳು ಪ್ಲೇಟಿನಲ್ಲಿ! ನಾನೇ ಹಾಡಿದಷ್ಟು ಎದೆ ಉಬ್ಬಿತು. ತಂದು ಮರುದಿನವೇ ಒಂದು ಮದುವೆಯಲ್ಲಿ ಹಚ್ಚಿದೆ. ಕಡ್ಡಿ ಎಲ್ಲಿತ್ತೋ ಅಲ್ಲೇ ಇತ್ತು.

ಹದಿನಾರರ ಹುಡುಗಿಯ ಧ್ವನಿ ಹಾರ್ನಿನಿಂದ ಜಿಗಿದು ಬಂತು. ಸಣ್ಣ ಕಂಠ, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಓಡಿದ ಹಾಗೆ.

ಹೊಳಿಯಾಚಿ ಕೊಟ್ಟೀದಿ, ಹೊಳಿ ತುಂಬಿ ಬಂದಾದ,
ಹಡೆದವ್ವ ನೀನು ಬರಬ್ಯಾಡ —

ಬೀಗರು ಕುಣಿದರು. ಮದುಮಗ ಕುಣಿದ. ಅಡುಗೆಯವರು ಸೌಟು ಹಿಡಿದೇ ಕುಣಿದರು. ಅಲ್ಲಿಂದ ಎರಡು ವರ್ಷ ಆ ಪ್ಲೇಟು ಇಲ್ಲದೆ ದೇವದುರ್ಗದ ಸುತ್ತ ಯಾರ ತಲೆಗೂ ಅಕ್ಕಿಕಾಳು ಬೀಳಲಿಲ್ಲ ಅಂದರೂ ನಡೆದೀತು. ಗೂಗಲ್ ಅನ್ನುವ ಊರಿನಿಂದ ಒಬ್ಬ ಹಿರಿಯರು ಬೆಳಗ್ಗೆ ಬೆಳಗ್ಗೆ ಅಂಗಡಿಗೆ ಬಂದು ಕೂತರು.

"ಅಮರಪ್ಪಾ, ಆ ಹಾಡೋ ಹುಡುಗಿ ಯಾರ ಪೈಕಿ? ನಮ್ಮ ದೊಡ್ಡ ಹುಡುಗಗ ಕೇಳೋಣಂತ."

"ಯರಗೇರಾದಾಕಿ ಅಂತ ಬರದಾರ ನೋಡ್ರಿ. ಮದಿವಿ ಆಗ್ಯದೋ ಏನೋ."

"ಧ್ವನಿ ಕೇಳಿದ್ರ ಆದಂಗ ಇಲ್ಲಪ," ಅಂದರು ಅವರು, ಬಹಳ ಗಂಭೀರವಾಗಿ.

ಇಲ್ಲಿಯವರೆಗೆ ನನ್ನದು ತಿಳಿಯದೆ ಆದದ್ದು. ಮುಂದಿನದು ಹಾಗಲ್ಲ — ಅದನ್ನೇ ಹೇಳಬೇಕಾಗಿದೆ.

ಒಂದು ದಿನ ಮನೆಯಲ್ಲಿ ಮಷೀನಿನ ಧೂಳು ಒರೆಸುವಾಗ ಕಡ್ಡಿ ಸರಿಯಿತು. ನೋಡಿಕೊಳ್ಳದೆ ಸಾಬಮ್ಮನ ಪ್ಲೇಟು ಹಚ್ಚಿದೆ. ಬಂದದ್ದು ಬೇರೆಯೇ ಧ್ವನಿ. ದಪ್ಪ, ನಿಧಾನ, ವಯಸ್ಸಾದ ಹೆಣ್ಣುಮಗಳ ಧ್ವನಿ. ಹೊಳೆಯಾಚೆಗೆ ಕೊಟ್ಟ ಮಗಳು, ಪ್ರವಾಹ ಬಂದಿದೆ, ಬರಬೇಡ ಅಂತ ತಾಯಿಗೆ ಹೇಳುತ್ತಿದ್ದಾಳೆ — ಬಾಯಿ ಬರಬೇಡ ಅನ್ನುತ್ತದೆ, ಧ್ವನಿ ಮಾತ್ರ ಬಾ, ಬಾ ಅಂತ ಕರೆಯುತ್ತದೆ. ಇದಕ್ಕೆ ನಾವು ಕುಣಿದಿದ್ದೆವು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನನ್ನ ಹೆಂಡತಿ ಶರಣಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಗೋಡೆಗೆ ಒರಗಿ ನಿಂತಳು.

"ಯಾರ್ರಿ ಇಕಿ?"

"ಅದಽ ಸಾಬಮ್ಮ."

"ಹಂಗಂದ್ರ ಇಷ್ಟು ದಿನ ಹಚ್ಚಿದ್ದು ಯಾರನ್ನ?"

ನಾನು ಸರಿದ ಕಡ್ಡಿಯನ್ನು ತೋರಿಸಿ, ಮುಳ್ಳನ್ನು ಮತ್ತೆ ಪ್ಲೇಟಿನ ಮೊದಲಿಗೆ ಇಟ್ಟೆ. ಎರಡೂ ಬದಿ ಕೇಳಿದೆವು. ರೊಟ್ಟಿ ಹೊತ್ತಿತು. ಶರಣಮ್ಮ ಒಂದೇ ಮಾತು ಅಂದಳು: "ಇನ್ನ ಮ್ಯಾಲ ಹಿಂಗಽ ಹಚ್ಚ್ರಿ."

ಹಚ್ಚಿದೆ, ಸುಳ್ಳು ಯಾಕೆ. ಮುಂದಿನ ಮದುವೆಯಲ್ಲೇ ಸರಿಯಾಗಿ ಹಚ್ಚಿದೆ. ಎರಡು ಸಾಲು ಆಗುವುದರೊಳಗೆ ಕೂಗು ಶುರುವಾಯಿತು.

"ಲೇ ಅಮರ್ಯಾ, ಬ್ಯಾಟರಿ ಇಳದಾದ ನೋಡಲೇ."

"ಮಷೀನಿಗಿ ಜ್ವರ ಬಂದಂಗ ಕಾಣ್ತದ. ಕಷಾಯ ಕುಡಸು."

"ನಿನ್ನ ಸೆಟ್ಟು ಕೆಟ್ಟದಂದ್ರ ಹೇಳು, ಮಾನ್ವಿಯಿಂದ ಬ್ಯಾರೆದು ತರಸ್ತೀವಿ."

ಕೊನೆಯ ಮಾತು ನನ್ನನ್ನು ಹೆದರಿಸಿತು. ಇಷ್ಟು ದಿನ ತಪ್ಪು ಹಚ್ಚುತ್ತಿದ್ದೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಕಡ್ಡಿಯನ್ನು ಜೋರಿನ ಕಡೆಗೆ ಸರಿಸಿದೆ. ಹುಡುಗಿ ಮತ್ತೆ ಜಿಗಿದು ಬಂದಳು. ಮಂದಿ ಸಿಳ್ಳು ಹಾಕಿದರು — ಮಷೀನು ರಿಪೇರಿ ಮಾಡಿದನಲ್ಲ ಅಂತ ನನ್ನ ಬೆನ್ನು ಬೇರೆ ತಟ್ಟಿದರು. ಆ ಬೆನ್ನು ತಟ್ಟಿಸಿಕೊಂಡದ್ದು… ಇರಲಿ.

ಅದಾದ ಕೆಲವು ತಿಂಗಳಿಗೆ ಮಾನ್ವಿಯ ಗೋಪಾಲಾಚಾರ್ ಮಾಸ್ತರರು ನನ್ನನ್ನು ಕರೆಸಿದರು. ಅವರದು ಗುಡಿಯ ಪೂಜೆಯ ಮನೆತನ. ಹಾಡು ಅಂದರೆ ಜೀವ. ಮದುವೆಗಳಲ್ಲಿ ನನ್ನ ಹಾರ್ನಿನಿಂದ ಈ ಹಾಡು ಕೇಳಿ, ಹಾಡಿದವಳನ್ನೇ ಹುಡುಕಿಸಿ, ತಮ್ಮ ಮನೆಯ ಮುಂದಿನ ಬಯಲಿನಲ್ಲಿ ಹಾಡಿಸಲು ಗೊತ್ತು ಮಾಡಿದ್ದರು. ಮೈಕ್ ಸೆಟ್ ನನ್ನದು. ಆಗಲೇ ಹೇಳಬೇಕಿತ್ತು. ಹೊಟ್ಟೆನೋವು ಅಂತ ಮನೆಯಲ್ಲಿ ಕೂತಿದ್ದರೂ ಆಗುತ್ತಿತ್ತು. ಆದರೆ — ಇದನ್ನೂ ಬರೆದುಬಿಡುತ್ತೇನೆ — ಆಕೆಯನ್ನು ನೋಡುವ ಆಸೆ ಭಯಕ್ಕಿಂತ ದೊಡ್ಡದಿತ್ತು.

ಬಸ್ಸಿನಿಂದ ಇಳಿದವರಿಗೆ ಐವತ್ತು ದಾಟಿತ್ತು. ನರೆತ ಕೂದಲು, ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ, ಕೈಯಲ್ಲಿ ಬುತ್ತಿಯ ಗಂಟು. ಮೈಕಿನ ಮುಂದೆ ನಿಂತು ಕಣ್ಣು ಮುಚ್ಚಿ ಶುರು ಮಾಡಿದರು. ನನ್ನ ಮನೆಯಲ್ಲಿ ಕೇಳಿದ ಅದೇ ಧ್ವನಿ. ಬಯಲಿನಲ್ಲಿ ಮಾತ್ರ ಗುಸುಗುಸು ಎದ್ದಿತು.

"ಹುಡಿಗಿ ಎಲ್ಲಿ ಲೇ? ಅವರವ್ವನ್ನ ಕಳಿಸ್ಯಾರ."

"ಬೇ ಯಮ್ಮಾ, ಮಗಳನ್ನ ಬಸ್ಸಿನ್ಯಾಗ ಬಿಟ್ಟು ಬಂದೀ ಏನು?"

ನಗೆ ಬಯಲಿನ ತುದಿಯವರೆಗೆ ಹೋಯಿತು. ಸಾಬಮ್ಮ ಹಾಡು ನಿಲ್ಲಿಸಿ, "ನಾನಽ ರೀ ಪ್ಲೇಟಿನ್ಯಾಗ ಹಾಡಿದಾಕಿ" ಅಂದರು. ಇನ್ನೂ ನಕ್ಕರು. ಮಾಸ್ತರರು ಗಾಬರಿಯಾಗಿ ನನ್ನ ಹತ್ತಿರ ಬಂದರು.

"ಅಮರಪ್ಪಾ, ದಿನಾ ಕೇಳಾಂವ ನೀನು. ನೀನಽ ಹೇಳಪಾ. ಪ್ಲೇಟಿನ್ಯಾಗ ಇರೋದು ಈಕಿ ಧ್ವನಿ ಹೌದೋ ಅಲ್ಲೋ?"

"ಅಲ್ರೀ," ಅಂದೆ. "ಈಕಿದು ಬ್ಯಾರೆ."

ಇಷ್ಟೇ. ಎರಡೇ ಮಾತು. ನನ್ನ ಮೈಕು ಹಚ್ಚೇ ಇತ್ತು, ಅವೂ ಹಾರ್ನಿನಲ್ಲಿ ಹೋಗಿ ಎಲ್ಲರ ಕಿವಿಗೂ ಬಿದ್ದವು.

ಸಾಬಮ್ಮ ನನ್ನ ಮೇಲೆ ಸಿಟ್ಟಾಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಅಂದರು: "ಯಪ್ಪಾ, ಆ ಪ್ಲೇಟು ಇಲ್ಲೀತನಕ ನಾನೂ ಕೇಳಿಲ್ಲ. ನಮ್ಮ ಮನ್ಯಾಗ ಮಷೀನ ಇಲ್ಲ. ಒಂದ ಸಲ ಹಚ್ಚು, ಕೇಳ್ತೀನಿ."

ಕಡ್ಡಿಯ ಮೇಲೆ ನನ್ನ ಬೆರಳಿತ್ತು. ಜೋರಿನಿಂದ ನಿಧಾನಕ್ಕೆ ಒಂದು ಬೆರಳಿನ ಕೆಲಸ. ಎಲ್ಲರೂ ನೋಡುತ್ತಿದ್ದರು. ಸರಿಸಲಿಲ್ಲ — ಹಾಗೇ ಹಚ್ಚಿದೆ. ಆಕೆ ತನ್ನ ಹಾಡನ್ನು ಹದಿನಾರರ ಹುಡುಗಿ ಹಾಡುವುದನ್ನು ಪೂರ್ತಿ ಕೇಳಿದರು. ಮುಖದ ಬಣ್ಣ ಇಳಿಯುವುದು ಅಂದರೆ ಏನು ಅಂತ ಅವತ್ತು ನೋಡಿದೆ.

"ಹಾಡು ನಂದು," ಅಂದರು. "ಧ್ವನಿ ನಂದಲ್ಲ. ಕಂಪನಿಯವರು ನನ್ನ ಕಡಿಂದ ಹಾಡಿಸಿಕೊಂಡು, ಚಂದ ಇಲ್ಲಂತ ಬ್ಯಾರೆದಾಕಿ ಕಡಿಂದ ಹಾಡಿಸ್ಯಾರ. ನನಗ ಹೇಳಲಿಲ್ಲ ನೋಡು."

ಗಂಟು ಎತ್ತಿಕೊಂಡು ಬಸ್ಸಿನ ಕಡೆಗೆ ನಡೆದರು. ಮನೆಗೆ ಬಂದಾಗ ಶರಣಮ್ಮ, "ಹೆಂಗ ಹಾಡಿದ್ರು?" ಅಂತ ಆಸೆಯಿಂದ ಕೇಳಿದಳು. "ಬರಲಿಲ್ಲ" ಅಂದೆ.

ಆಮೇಲೆ ಕ್ಯಾಸೆಟ್ಟಿನ ಕಾಲ ಬಂತು. ಪ್ಲೇಟುಗಳು ಅಟ್ಟ ಸೇರಿದವು. ಮಕ್ಕಳ ಮದುವೆಯಾಯಿತು. ರೇಣುಕಾ ಹುಟ್ಟಿದಳು. ನಾನು ದೇವದುರ್ಗದ ಪ್ರತಿ ಅಂಗಡಿಗೂ ಹೋಗಿ ಪೇಡೆ ಕೊಟ್ಟೆ. ಗೊತ್ತಿಲ್ಲದವರಿಗೂ ಕೊಟ್ಟೆ. ಮೊಮ್ಮಗಳ ಮಾತಿಗೆ ಬಂದರೆ ನನಗೆ ನಿಲ್ಲಿಸುವುದು ತಿಳಿಯುವುದಿಲ್ಲ. ಅವಳು ನಡೆದದ್ದು, ಬಿದ್ದದ್ದು, ಮೇಕೆಗೆ ಬೈದದ್ದು, ಎಲ್ಲವನ್ನೂ ಊರಿಗೆ ಹೇಳಿದವನು ನಾನು. ಹೋದ ವರ್ಷ ನನ್ನ ಮಗ ರಾಯಚೂರಿನಿಂದ ಒಂದು ಕ್ಯಾಸೆಟ್ ತಂದ. ಅದೇ ಎಂಟು ಹಾಡು, ಅದೇ ಸಾಬಮ್ಮ. ಟೇಪ್ ರೆಕಾರ್ಡರಿಗೆ ಕಡ್ಡಿ ಇಲ್ಲ. ಧ್ವನಿ ಹೇಗಿರಬೇಕೋ ಹಾಗೆ ಬಂತು. ಮಧ್ಯಾಹ್ನ ಮಲಗಲು ರಚ್ಚೆ ಹಿಡಿಯುತ್ತಿದ್ದ ರೇಣುಕಾ ಬಾಯಿ ಮುಚ್ಚಿದಳು. ಅಲ್ಲಿಂದ ದಿನವೂ ಆ ಹಾಡೇ ಬೇಕು. ಹಾಡು ಮುಗಿಯುವವರೆಗೆ ನನ್ನ ಮೀಸೆ ಹಿಡಿದುಕೊಂಡಿರುತ್ತಾಳೆ, ನಿದ್ದೆ ಬಂದಾಗ ಬಿಡುತ್ತಾಳೆ. ಇದಕ್ಕಿಂತ ದೊಡ್ಡ ಸುಖ ಇದ್ದರೆ ನನಗೆ ಯಾರೂ ಹೇಳಿಲ್ಲ.

ಒಂದು ದಿನ ಕೇಳಿದಳು: "ತಾತಾ, ಈ ಅಮ್ಮ ಎಲ್ಲಿ ಅದಾಳ?"

"ಯರಗೇರಾದಾಗ."

"ಮತ್ತ ಹೋಗೂಣು."

ಮಕ್ಕಳಿಗೆ ಎಷ್ಟು ಸುಲಭ ನೋಡಿ. ಆ ಹೊತ್ತೇ ಶರಣಮ್ಮನಿಗೆ ಎಲ್ಲವನ್ನೂ ಹೇಳಿದೆ. ಆಕೆ ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಮೂರನೆಯ ದಿನ ರೊಟ್ಟಿ ಕಟ್ಟಿಕೊಟ್ಟು, "ಹೋಗಿ ಹೇಳಿ ಬರ್ರಿ" ಅಂದಳು.

ಯರಗೇರಾದಲ್ಲಿ ಸಾಬಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಆದರೆ ಆಕೆ ಹಾಡುತ್ತಿದ್ದರು ಅನ್ನುವುದನ್ನು ಓಣಿಯವರೇ ಮರೆತಿದ್ದರು. ಸಾಬಮ್ಮ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನನ್ನ ಗುರುತು ಹತ್ತಲಿಲ್ಲ. ರೇಣುಕಾ ಪಕ್ಕದಲ್ಲಿ ಕೂತು ಶೇಂಗಾಕ್ಕೆ ಕೈ ಹಾಕಿದಳು. ನಾನು ಚೀಲದಲ್ಲಿ ತಂದಿದ್ದ ಟೇಪ್ ರೆಕಾರ್ಡರು ತೆಗೆದು ಹಚ್ಚಿದೆ.

ಮೊದಲ ಸಾಲಿಗೆ ಆಕೆಯ ಕೈ ನಿಂತಿತು.

"ಯವ್ವಾ… ಇದು ನಾನು." ಎದ್ದು ನಿಂತರು. "ಏ ಪಾರ್ವತಿ, ಬಾ ಇಲ್ಲಿ. ನನ್ನ ಧ್ವನಿ ಬಂದಾದ ನೋಡು. ಕಂಪನಿಯವರು ಬುದ್ಧಿ ಕಲ್ತು ನಂದಽ ಹಾಕ್ಯಾರ." ಸೊಸೆ ಬಂದಳು, ಓಣಿಯ ಹೆಂಗಸರೆಲ್ಲ ಬಂದರು. ಸಾಬಮ್ಮ ನನ್ನ ಗದ್ದ ಹಿಡಿದು, "ಎಲ್ಲಿ ಪುಣ್ಯಾತ್ಮಪ ನೀನು, ಇದನ್ನ ತಂದು ಕೇಳಿಸಿದಿ" ಅಂದರು. ನಕ್ಕ ನಗೆಗೆ ಇದ್ದ ನಾಲ್ಕು ಹಲ್ಲೂ ಕಂಡವು. ನನಗೂ ನಗು ಬಂತು. ಸುಮ್ಮನೆ ರೊಟ್ಟಿ ಉಂಡು, ಪುಣ್ಯಾತ್ಮ ಅನ್ನಿಸಿಕೊಂಡು ಬಸ್ಸು ಹತ್ತಬಹುದಿತ್ತು. ಒಂದು ಗಳಿಗೆ ಆ ಮನಸ್ಸೂ ಬಂತು, ಮುಚ್ಚಿಡುವುದಿಲ್ಲ.

"ಅಕ್ಕಾ, ಅವತ್ತ ಪ್ಲೇಟಿನ್ಯಾಗೂ ನೀವಽ ಇದ್ರಿ," ಅಂದೆ. ಮಾನ್ವಿ, ಕಡ್ಡಿ, ಬೆರಳು — ಎಲ್ಲ ಹೇಳಿದೆ.

ಸಾಬಮ್ಮ ನನ್ನ ಕೈಯನ್ನೇ ನೋಡಿದರು.

"ಒಂದ ಬೆರಳಿನ ಕೆಲಸ ಇತ್ತೇನು?"

"ಹೌದ್ರಿ."

"ಹನ್ನೆರಡು ವರ್ಷ ನಾನು ಬಾಯಿ ತಗದಿಲ್ಲಪ. ಹೊಲದಾಗೂ ಹಾಡಿಲ್ಲ. ಕೆಟ್ಟ ಧ್ವನಿ ಅಂತ ತಿಳಕೊಂಡಿದ್ದೆ."

ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ಮುಖ ಎಲ್ಲಿತ್ತು. ಕೊನೆಗೆ ರೇಣುಕಾಳ ಬಾಯಿಗೆ ಒಂದು ಶೇಂಗಾಕಾಳು ಇಟ್ಟು, ನನ್ನ ಕಡೆ ನೋಡದೆ ಅಂದರು:

"ನನ್ನ ಮುಂದ ಹೇಳಿದ್ದು ಸಾಲದು. ಅಲ್ಲ ಅಂದಿದ್ದು ಮಾನ್ವಿಯಾಗ, ಮೈಕಿನ್ಯಾಗ. ಹೌದು ಅನ್ನೂದೂ ಅಲ್ಲೇ ಅನ್ನು. ಆಮ್ಯಾಲ ನಾನು ಹಾಡ್ತೀನಿ. ನಿಧಾನ ಹಾಡ್ತೀನಿ. ಯಾರು ಎದ್ದು ಹೋಗ್ತಾರ ನೋಡೂಣು."

ಮರುದಿನವೇ ಮಾನ್ವಿಗೆ ಹೋಗಿ ಗೋಪಾಲಾಚಾರ್ ಮಾಸ್ತರರಿಗೆ ಹೇಳಿದೆ. ಈಗ ಅವರೂ ಮುದುಕರು. ಕನ್ನಡಕ ತೆಗೆದು, "ಅವತ್ತು ಆಕೀನ್ನ ಊಟಕ್ಕ ಇರವಾ ಅಂತ ಸೈತ ನಾನು ಅನ್ನಲಿಲ್ಲೋ ಅಮರಪ್ಪಾ" ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಬರುವ ಸೋಮವಾರ ಮಧ್ಯಾಹ್ನ, ಅದೇ ಬಯಲಿನಲ್ಲಿ ಅಂತ ಗೊತ್ತಾಗಿದೆ. ಶರಣಮ್ಮ ಹೊಸ ಸೀರೆ ತೆಗೆದಿಟ್ಟಿದ್ದಾಳೆ. ರೇಣುಕಾ ಎದುರು ಮನೆಯ ಮೇಕೆಗೂ ಕರೆ ಕೊಟ್ಟು ಬಂದಿದ್ದಾಳೆ.

ನನಗೆ ಹೆದರಿಕೆ ಇದೆ. ಮಂದಿ ನಗುತ್ತಾರೆ. ಪ್ಲೇಟು ಹಚ್ಚಲು ಬಾರದವನು ಎರಡು ವರ್ಷ ನಮ್ಮನ್ನು ಕುಣಿಸಿದ ಅಂತ ಚಾದಂಗಡಿಗಳಲ್ಲಿ ತಿಂಗಳುಗಟ್ಟಲೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವತ್ತು ಆ ನಗೆಯನ್ನೆಲ್ಲ ಒಬ್ಬಳೇ ನಿಂತು ತಡೆದುಕೊಂಡವಳು ಸಾಬಮ್ಮ. ಅದು ನನ್ನ ಪಾಲಿನದಾಗಿತ್ತು. ಸೋಮವಾರ ಹೋಗಿ ಇಸಿದುಕೊಳ್ಳುತ್ತೇನೆ.