ಹಂಡೆಯೊಳಗಿನ ವೈಫೈ

ವೈರ್ ಚಾಚಾನ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಮೊದಲು ಟಿವಿ ಕೇಬಲ್ಲು, ಆಮೇಲೆ ಇಂಟರ್ನೆಟ್ಟಿನದು, ಸುರುಳಿ ಹೊತ್ತೂ ಹೊತ್ತೂ ಹಾಗಾಗಿತ್ತು. ಸವಣೂರಿನಿಂದ ನಮ್ಮ ಹಿರೇಬೆಂಡಿಗೇರಿಗೆ ಅವರು ಬರುವಾಗ ಮೊಪೆಡ್ಡೇ ಒಂದು ಕಡೆ ವಾಲಿದಂತೆ ಕಾಣುತ್ತಿತ್ತು. ನನಗಿಂತ ವಯಸ್ಸಿನಲ್ಲಿ ಸಣ್ಣವರು. ಆದರೂ ಊರೆಲ್ಲ ಕರೆಯುವಂತೆ ನಾನೂ ಚಾಚಾ ಎನ್ನುತ್ತಿದ್ದೆ.

ಯಾರ ಮನೆಗೆ ಹೋದರೂ ಮೊದಲು ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡುವರು. ನಮ್ಮದು ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ.

"ಸಿಗ್ನಲ್ ಅಂದ್ರ ಬೀಗರಿದ್ದಂಗರಿ ಅಜ್ಜಾರ," ಅಂದಿದ್ದರು. "ನಡಮನ್ಯಾಗ ಕುಂದರಿಸಿದ್ರ ಖುಷಿ. ಮೂಲ್ಯಾಗ ಕುಂದರಿಸಿದ್ರ ಸಿಟ್ಟಾಗಿ ಎದ್ದು ಹೋಗ್ತಾರ."

ಹಾಗಂದು ಪಡಸಾಲೆಯ ನಡುಗಂಬಕ್ಕೆ, ಆಳೆತ್ತರದಲ್ಲಿ, ವೈಫೈ ಡಬ್ಬಿ ಕೂಡಿಸಿದರು. ಅದು ನನ್ನ ಸೊಸೆಗಾಗಿ. ಮನೆಯಲ್ಲೇ ಕುಳಿತು ವಿಡಿಯೋದಲ್ಲಿ ಮಕ್ಕಳಿಗೆ ಗಣಿತ ಕಲಿಸುವ ಕೆಲಸ ಆಕೆಗೆ ಸಿಕ್ಕಿತ್ತು. ಮೊದಲ ತಿಂಗಳು ಸರಿಹೋದರೆ ಮಾತ್ರ ಕಾಯಂ.

ಈಗ ನನ್ನ ತಪ್ಪು ಹೇಳುತ್ತೇನೆ. ಆ ಕಂಬದ ಮೇಲೆ ನಮ್ಮ ಅಪ್ಪನ ಫೋಟೋ ಇತ್ತು. ಅದರ ಕೆಳಗೆ ಈ ಡಬ್ಬಿ ಹಗಲಿರುಳು ಕಣ್ಣು ಮಿಟುಕಿಸುವುದು ನನಗೆ ಸರಿಬರಲಿಲ್ಲ. ಇಲಿಯ ಭಯವೂ ಇತ್ತು. ಸೊಸೆ ತವರಿಗೆ ಹೋದಾಗ, ವೈರು ಕೀಳದೆ ಡಬ್ಬಿಯನ್ನಷ್ಟೇ ಕಂಬದಿಂದ ಬಿಚ್ಚಿ, ಅಟ್ಟದ ಮೇಲಿನ ಹಿತ್ತಾಳೆ ಹಂಡೆಯೊಳಗೆ ಇಟ್ಟು, ಮೇಲೆ ತಾಟು ಮುಚ್ಚಿದೆ. ಭದ್ರವಾಯಿತು ಅಂದುಕೊಂಡೆ. ಆಕೆ ಬಂದು ಕೇಳಿದಾಗ, "ಚಾಚಾ ಬಂದಿದ್ರವ್ವ, ಅಟ್ಟದ ಮ್ಯಾಲೆ ಇಟ್ಟು ಹೋದ್ರು," ಎಂದೆ.

ಮರುದಿನ ಮೀಟಿಂಗಿನಲ್ಲಿ ಸೊಸೆಯ ಮುಖ ಪರದೆಯ ಮೇಲೆ ಬಾಯಿ ತೆರೆದಂತೆಯೇ ನಿಂತುಬಿಟ್ಟಿತಂತೆ. ಮಧ್ಯಾಹ್ನ ಮೇಲಿನವರ ಎದುರು ಪಾಠ ಮಾಡಿ ತೋರಿಸಬೇಕಿತ್ತು. ಆಕೆ ಅಳುತ್ತ ಚಾಚಾನಿಗೆ ಫೋನ್ ಮಾಡಿದಳು. ನಾನು ಮೆಲ್ಲಗೆ ಚಹದಂಗಡಿಗೆ ಜಾರಿದೆ. ಅಲ್ಲಿ ಸುಮ್ಮನೆ ಕೂತೆನೇ? "ಆ ಚಾಚಾ ಎಲ್ಲೋ ಹಳೇ ವೈರ್ ಜಗ್ಗಿ ಹೋಗ್ಯಾನ. ಮೈಗಳ್ಳ," ಎಂದು ಎಲ್ಲರಿಗೂ ಕೇಳುವಂತೆ ಬೈದೆ.

ನಾನು ಮನೆಗೆ ಬರುವಷ್ಟರಲ್ಲಿ ಚಾಚಾ ಅಟ್ಟಕ್ಕೆ ಏಣಿ ಹಚ್ಚಿದ್ದರು.

"ನೀವು ಮ್ಯಾಲೆ ಇಟ್ಟಾಗಿಂದ ಹಿಂಗಾಗೇತಿ ನೋಡ್ರಿ ಚಾಚಾ," ಎಂದಳು ಸೊಸೆ.

ಅವರು ತಾಟು ಎತ್ತಿ ಹಂಡೆಯೊಳಗೆ ನೋಡಿದರು. ನನ್ನನ್ನು ನೋಡಿದರು. ಕಂಬದ ಮೇಲಿನ ಫೋಟೋ ನೋಡಿದರು.

"ಹೌದವ್ವ, ನಂದ ತಪ್ಪು," ಅಂದರು. "ಹಿತ್ತಾಳಿ ದಾಟಿ ಸಿಗ್ನಲ್ ಹೊರಗ ಬರಂಗಿಲ್ಲ. ವಯಸ್ಸಾತು, ಮರತೆ."

ಡಬ್ಬಿ ಮತ್ತೆ ಕಂಬಕ್ಕೆ ಬಂತು. ಫೋಟೋವನ್ನು ತಾವೇ ಒರೆಸಿ ಎದುರು ಗೋಡೆಗೆ ಹಾಕಿ, ನನ್ನ ಕಿವಿಯಲ್ಲಿ, "ಅಪ್ಪಾರಿಗೆ ಇನ್ನ ಕಣ್ಣಿಗೆ ಬೆಳಕು ಹೊಡಿಯಂಗಿಲ್ಲರಿ," ಅಂದರು. ನಗುತ್ತಿದ್ದರು. ಮಧ್ಯಾಹ್ನದ ಪಾಠ ನೀರು ಹರಿದಂತೆ ನಡೆಯಿತು. ಸೊಸೆಯ ಕೆಲಸ ಕಾಯಂ ಆಯಿತು. ನಾನು ಮಾತ್ರ ಬಾಯಿ ಬಿಡಲಿಲ್ಲ.

ಈ ಸಲ ರಂಜಾನ್ ಮುಗಿದ ಮೇಲೆ ಚಾಚಾ ತೀರಿಕೊಂಡರು. ಸುದ್ದಿ ಕೇಳಿ ಸೊಸೆ, "ಒಮ್ಮೆ ತಪ್ಪು ಮಾಡಿದ್ರು ಖರೆ, ಆದ್ರ ಅಂಥಾ ಮನಷ್ಯಾ ಸಿಗಂಗಿಲ್ಲ," ಎಂದಳು. ಆ "ಒಮ್ಮೆ" ನನಗೆ ಚುಚ್ಚಿತು.

"ಅದೂ ಅವರದಲ್ಲವ್ವ, ನಂದು," ಎಂದು ಎಲ್ಲ ಹೇಳಿದೆ.

ಆಕೆ ಕಂಬದ ಮೇಲಿನ ಡಬ್ಬಿಯತ್ತ ನೋಡಿದಳು. ಆಮೇಲೆ, "ಚಾದಂಗಡ್ಯಾಗ ಬೈದಿದ್ರಲ್ಲ ಮಾವಾರ, ಅಲ್ಲೇ ಹೋಗಿ ಇದನ್ನೂ ಹೇಳಿ ಬರ್ರಿ," ಎಂದಳು.

ಹೋದೆ. ಜನರ ಮುಂದೆ ನಿಂತು ಹೇಳಿದೆ. ಅಂಗಡಿಯವ ಚಹಾ ಸೋಸುತ್ತಲೇ ನಕ್ಕ.

"ಅವತ್ತ ನಿಮ್ಮ ಮಾತು ಯಾರು ನಂಬಿದ್ರರಿ ಅಜ್ಜಾರ? ಚಾಚಾನೂ ಅವತ್ತ ಬ್ಯಾರೆ ಕೆಲಸಕ್ಕ ಊರಿಗೆ ಬಂದು, ಒಳಗಿನ ಬಾಕಿನ ಮ್ಯಾಲೆ ಕುಂತು ಎಲ್ಲಾ ಕೇಳಿದ್ರು. ನಾ ನಿಮಗ ಎರಡು ಮಾತು ಅನ್ನಾಕ ಹೊಂಟಿದ್ದೆ. 'ಸುಮ್ನಿರೋ, ಅಲ್ಲಿ ಆ ಹುಡಿಗಿ ಮೀಟಿಂಗ್ ನಿಂತೈತಿ' ಅಂದು, ಅರ್ಧಾ ಚಾ ಹಂಗ ಬಿಟ್ಟು ಹಿಂದಿನ ಬಾಗಲದಿಂದ ನಿಮ್ಮ ಮನೀಗೇ ಹ್ವಾದ್ರು."